ತಂತಿಯ ಕೆಳಗಿನ ಫರ್ಸಿ ಚೂರು

ನನ್ನ ತಮ್ಮನಿಗೆ ಹೆಸರು ಬಂದದ್ದು ತೀರಿಕೊಂಡ ಮೇಲೆ. ಶಹಾಬಾದಿನ ಒಂದು ಮದುವೆಯಲ್ಲಿ ಅವನು ಗಿಟಾರ್ ನುಡಿಸಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಅದೀಗ ಊರೂರು ಸುತ್ತುತ್ತಿದೆ. ವಾಡಿಯಿಂದ, ಕಲಬುರಗಿಯಿಂದ ಹುಡುಗರು ಸೇಡಂಗೆ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಹೇಳದೆ ಬರುತ್ತಾರೆ, ಅದೂ ಊಟದ ಹೊತ್ತಿಗೆ. "ಅಮ್ಮಾರ, ಕುಡಿದಾಗಷ್ಟೇ ಅವರಿಗಿ ಹಂಗ ಬಾರಸ್ಲಿಕ್ಕೆ ಬರ್ತಿತ್ತಂತ, ಖರೇನ್ರಿ?" ಎಂದು ಕೇಳುತ್ತಾರೆ. ಹೌದು ಎಂದರೆ ಅವರಿಗೆ ಸಂತೋಷ. ಅವನು ಕುಡಿಯದೆ ಕಳೆದ ಒಂದು ಶ್ರಾವಣ ನನಗೆ ಚೆನ್ನಾಗಿ ನೆನಪಿದೆ. ಅದನ್ನು ಬರೆದಿಡುತ್ತೇನೆ.

ನಮ್ಮಪ್ಪ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಪಕ್ಕದ ಕ್ವಾರ್ಟರ್ಸಿನಲ್ಲಿ ಗೂಡ್ಸ್ ಗಾಡಿ ಓಡಿಸುವ ಕ್ರಿಶ್ಚಿಯನ್ ಡ್ರೈವರ್ ಒಬ್ಬರಿದ್ದರು. ಡ್ಯೂಟಿ ಮುಗಿಸಿ ಬಂದರೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಕಿರುಬೆರಳಿಗೆ ಔಷಧಿಯ ಸಣ್ಣ ಗಾಜಿನ ಬಾಟಲಿ ಸಿಕ್ಕಿಸಿಕೊಂಡು, ಅದನ್ನು ಗಿಟಾರಿನ ತಂತಿಗಳ ಮೇಲೆ ಜಾರಿಸುತ್ತಿದ್ದರು. ತಂತಿ ಮನುಷ್ಯರ ಹಾಗೆ ನರಳುತ್ತಿತ್ತು. ಅದರ ಹೆಸರು ಬ್ಲೂಸ್ ಎಂದೂ, ಅಮೆರಿಕದಲ್ಲಿ ಹತ್ತಿ ಹೊಲದಲ್ಲಿ ದುಡಿದ ಕಪ್ಪು ಜನರ ಹಾಡು ಎಂದೂ ಅವರೇ ಹೇಳಿದ್ದು. ಒಂದು ಸಾಲನ್ನು ಎರಡು ಸಲ ಹಾಡಿ ಮೂರನೆಯದರಲ್ಲಿ ಅದಕ್ಕೆ ಜವಾಬು ಕೊಡುತ್ತಾರಂತೆ. ಊಟಕ್ಕೆ ಕೂತರೂ ಕಾಲು ಕುಣಿಸುತ್ತಿದ್ದ ನನ್ನ ತಮ್ಮ ಅವರ ಮುಂದೆ ಮಾತ್ರ ಅಲುಗಾಡದೆ ಕೂರುತ್ತಿದ್ದ. ಡ್ರೈವರ್ ವರ್ಗವಾಗಿ ಹೋಗುವಾಗ ಗಿಟಾರನ್ನೂ ಆ ಗಾಜಿನ ಬಾಟಲಿಯನ್ನೂ ಅವನಿಗೇ ಕೊಟ್ಟು ಹೋದರು.

ಮುಂದೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ, ಸಂಜೆ ಮದುವೆ ಆರ್ಕೆಸ್ಟ್ರಾ, ಆರ್ಕೆಸ್ಟ್ರಾದ ಜೊತೆಗೆ ಕುಡಿತ. ಕೆಲಸ ಹೋಯಿತು. ಹೆಂಡತಿ ಚಿಂಚೋಳಿಯ ತವರಿಗೆ ಹೋದಳು. ಕಲಬುರಗಿಯ ಆಸ್ಪತ್ರೆಯಲ್ಲಿ ಕುಡಿತ ಬಿಡಿಸಿದ ಮೇಲೆ ಅವನನ್ನು ನಾನು ಸೇಡಂಗೆ ಕರೆತಂದೆ. ಸೇವೆಯೆಲ್ಲ ವಾರ್ಡ್ ಸಿಸ್ಟರ್ ಆಗಿ ಕಳೆದವಳು ನಾನು. ಏಳುವುದು, ಸ್ನಾನ, ಗುಳಿಗೆ, ಊಟ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಹೊತ್ತಿದೆ.

ಅವನ ಹೆಂಡತಿಗೆ ಫೋನ್ ಮಾಡಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಅಕ್ಕಾರ, ದವಾಖಾನೆದಾಗ ಎಲ್ಲಾರೂ ಬಿಡ್ತಾರ್ರಿ. ನಿಮ್ಮೂರ ಮಠದಾಗ ಶ್ರಾವಣ ಪುರಾಣ ನಡೀತದಲ್ಲ, ತಿಂಗಳತನಕ ಅಲ್ಲಿ ಗಿಟಾರ್ ಹಿಡದು ಕುಂದ್ರಲಿ. ಒಂದಿನ ಕುಡಿದ್ರೂ ಊರಿಗೇ ಗೊತ್ತಾಗ್ತದ. ಕುಡೀಲಾರ್ದೆ ಮುಗಿಸಿದ್ರ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಇಲ್ಲಂದ್ರ ಅಂವಾ ನಿಮ್ಮ ತಮ್ಮ, ನೀವೇ ಇಟ್ಕೊಳ್ರಿ."

ಶ್ರಾವಣದಲ್ಲಿ ಪ್ರತಿ ಸಂಜೆ ಮಠದಲ್ಲಿ ಪುರಾಣ. ಸ್ವಾಮಿಗಳು ಶರಣರ ಕಥೆ ಹೇಳುತ್ತಾರೆ, ನಡುನಡುವೆ ಗವಾಯಿ ಹಾಡುತ್ತಾರೆ, ಹಾರ್ಮೋನಿಯಂ ತಬಲಾ ಇರುತ್ತವೆ. ಗಿಟಾರ್ ಅಲ್ಲಿ ಯಾರೂ ಕಂಡಿರಲಿಲ್ಲ. ಮುದಿ ಗವಾಯಿ ಮಾತ್ರ, "ಬರಲಿ ಬಿಡ್ರಿ ಸಿಸ್ಟರ್, ತಂತಿ ಇದ್ದದ್ದೆಲ್ಲಾ ಶಿವನ ಹೆಸರು ಹೇಳ್ತದ" ಎಂದರು.

ಗಿಟಾರ್ ಮಾಸಿತ್ತು, ಮೈ ಬಿರುಕು ಬಿಟ್ಟಿತ್ತು. ನಮ್ಮ ಮನೆಯವರು ಭಾವಮೈದುನನ ಮೇಲಿನ ಪ್ರೀತಿಗೆ, ಅವನಿಗೆ ಹೇಳದೆ, ಅದನ್ನು ಕಲಬುರಗಿಯ ಒಂದು ಹಾರ್ಮೋನಿಯಂ ರಿಪೇರಿ ಅಂಗಡಿಗೆ ಕೊಟ್ಟರು. ಪುರಾಣ ಶುರುವಾಗುವ ಮಧ್ಯಾಹ್ನ ಅದು ಪಾಲಿಶ್ ಹೊಡೆಸಿಕೊಂಡು ಮದುಮಗನ ಹಾಗೆ ಬಂತು. ತಮ್ಮ ಕೈಗೆತ್ತಿಕೊಂಡು ಕುತ್ತಿಗೆಯ ತುದಿಯನ್ನು ಬೆರಳಿನಿಂದ ಮುಟ್ಟಿದ. ಮುಖ ಇಳಿಯಿತು. "ಚಲೋ ಆಗ್ಯಾದ ಮಾವಾ" ಎಂದಷ್ಟೇ ಹೇಳಿ ಅಂಗಳಕ್ಕೆ ಹೋದ.

ಆ ಸಂಜೆ ಗವಾಯಿ ಒಂದು ಸಾಲು ಹಾಡಿ ಅವನ ಕಡೆ ನೋಡಿದರು. ಅವನು ಕಿರುಬೆರಳಿಗೆ ಸಿಕ್ಕಿಸಿದ್ದ ಬಾಟಲಿಯನ್ನು ತಂತಿಯ ಮೇಲಿಟ್ಟು ಜಾರಿಸಿದ. ನರಳಿಕೆ ಬರಲಿಲ್ಲ, ಕಟಕಟ ಎಂದು ಗಾಜು ಕಟ್ಟಿಗೆಗೆ ಬಡಿಯಿತು. ಮತ್ತೆ ಪ್ರಯತ್ನಿಸಿದ, ಮತ್ತೆ ಅದೇ. ಕೈ ನಡುಗತೊಡಗಿತು.

"ಏನಪಾ, ಬಾರಸ್ಲಿಕತ್ತೀಯೋ, ಭಾಂಡೆ ತಿಕ್ಕಲಿಕತ್ತೀಯೋ?" ಎಂದರು ಗವಾಯಿ. ಜನ ನಕ್ಕರು. ಹೆಂಗಸರ ಸಾಲಿನಲ್ಲಿ ನನ್ನ ಹಿಂದೆಯೇ ಒಬ್ಬಳು, "ಹಾಕ್ಕೊಂಡೇ ಬಂದಾನ, ಕೈ ನೋಡು" ಎಂದಳು. ಅವಳ ತವರೂ ಚಿಂಚೋಳಿಯೇ. ಮಾತು ಎಲ್ಲಿಗೆ ಮುಟ್ಟುತ್ತದೆಂದು ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಗುಳಿಗೆ ಕೊಡಲು ಹೋದರೆ ಹಾಸಿಗೆ ಖಾಲಿ. ಗಿಟಾರೂ ಇರಲಿಲ್ಲ. ಫೋನ್ ಬಂದ್. ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನ ಕಡೆ ಓಡಿದರು. ನಾನು ಸ್ಟೇಷನ್ನಿಗೆ ಹೋಗಿ ಪ್ಯಾಸೆಂಜರ್ ಹತ್ತಿದೆ. ಕುಡಿಯಬೇಕೆಂದರೆ ಅವನು ವಾಡಿಗೇ ಹೋಗುವವನು. ಗಾಡಿ ಚಿತ್ತಾಪುರದ ಹತ್ತಿರ ಸಿಗ್ನಲ್ ಇಲ್ಲದೆ ನಿಂತಿತು. ಎದುರಿನ ಮುದುಕ ಶೇಂಗಾ ಸುಲಿಯುತ್ತ, "ತಾಯಿ, ನೀವು ಎದ್ದು ಕುಂತ್ರ ಗಾಡಿ ಹೊಂಡಂಗಿಲ್ಲ" ಎಂದ. ನಾನು ಎಷ್ಟು ಸಲ ಬಾಗಿಲಿಗೆ ಹೋಗಿ ಬಂದೆನೋ.

ವಾಡಿಯಲ್ಲಿ ಅವನು ಯಾವಾಗಲೂ ಕುಡಿಯುತ್ತಿದ್ದ ಅಂಗಡಿಯ ಮುಂದೆ ನಿಂತು ವಿಚಾರಿಸಿದೆ. ನನ್ನನ್ನು ನೋಡಿ ಗಲ್ಲೆಯ ಮೇಲಿದ್ದವನು ಎದ್ದು ನಿಂತ. "ಬಂದಿದ್ದ ನೋಡ್ರಿ ಅಕ್ಕಾ. ಅಲ್ಲೇ ಕಂಬಕ್ಕ ಆನಿಕೊಂಡು ಭಾಳ ಹೊತ್ತು ನಿಂತಿದ್ದ. ನಾನೇ ಬಾ ಅಂದೆ, ಉದ್ರಿ ಕೊಡ್ತೀನಿ ಅಂದೆ."

"ಮತ್ತ?"

"ನನಗೇ ಬೈದು ಹೋದ ನೋಡ್ರಿ. ಶಹಾಬಾದ ಆಟೋ ಹತ್ತಿದ."

ಶಹಾಬಾದಿನಲ್ಲಿ ಅವನಿಗಿದ್ದ ಗುರುತೆಂದರೆ ಆರ್ಕೆಸ್ಟ್ರಾದಲ್ಲಿ ಡೋಲಕ್ ಬಾರಿಸುತ್ತಿದ್ದ ಸಾಬರದು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಅವರದೊಂದಿದೆ. ಅಲ್ಲಿದ್ದ ತಮ್ಮ. ಕಲ್ಲಿನ ರಾಡಿ ಮೈಗೆಲ್ಲ ಸಿಡಿದಿತ್ತು. ನೀರು ಬಿಟ್ಟುಕೊಂಡು ಒಂದು ತೆಳ್ಳನೆಯ ಕಲ್ಲಿನ ಚೂರನ್ನು ಹಾಸುಗಲ್ಲಿಗೆ ಉಜ್ಜುತ್ತಿದ್ದ. ಮೊದಲು ಅವನ ಹತ್ತಿರ ಹೋಗಿ ಮೂಸಿದೆ. ಬೆವರು, ಕಲ್ಲು, ಅಷ್ಟೇ.

"ಮನ್ಯಾಗ ಹೇಳಿ ಬರಲಿಕ್ಕೆ ಏನಾಗಿತ್ತು?"

"ಹೇಳಿದ್ರ ನೀ ಬಿಡ್ತಿದ್ದೇನು?"

"ಬಿಡ್ತಿದ್ದಿಲ್ಲ."

"ಮತ್ತ?" ಎಂದು ಉಜ್ಜುವುದನ್ನು ಮುಂದುವರಿಸಿದ.

ಆಗ ತಿಳಿಯಿತು. ಬಾಟಲಿ ಜಾರಿಸಿ ನುಡಿಸಬೇಕೆಂದರೆ ತಂತಿಗಳು ಕಟ್ಟಿಗೆಯಿಂದ ಎತ್ತರಕ್ಕಿರಬೇಕು. ಅದಕ್ಕಾಗಿ ಅವನು ಹಿಂದೆಯೇ ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿಗಳ ಕೆಳಗೆ ಫರ್ಸಿಯ ಚೂರೊಂದನ್ನು ಕೂರಿಸಿದ್ದ. ರಿಪೇರಿಯವನು ಅದನ್ನು ಯಾವುದೋ ಕುಡುಕನ ತೇಪೆ ಎಂದುಕೊಂಡು ಕಿತ್ತೆಸೆದು, ತಂತಿಗಳನ್ನು ಎಲ್ಲ ಗಿಟಾರಿನ ಹಾಗೆ ಕೆಳಕ್ಕಿಳಿಸಿದ್ದ. ಈಗ ಈ ಕಡೆಯ ಹುಡುಗರು ಅಂಥ ಚೂರು ಹಾಕಿಸಿಕೊಳ್ಳಲು ಸಾಲುಗಟ್ಟುತ್ತಾರಂತೆ.

"ನಿನ್ನೆ ಮಠದಾಗೇ ಹೇಳಬಾರದೇನು?"

"ಮಾವ ಎದುರಿಗೇ ಕುಂತಿದ್ರು. ಪ್ರೀತಿಲೆ ಮಾಡಿಸ್ಯಾರ. ನೀನೂ ಹೇಳಬ್ಯಾಡ."

ಸಾಬರು ಚಹಾ ತರಿಸಿದರು. "ಬಂದಾಗಿಂದ ಕುಂತಲ್ಲೇ ಕುಂತಾನ ಬಹೆನಜಿ. ನನ್ನ ಆಳುಗಳಿಗಿ ಹಿಂಗ ದುಡೀ ಅಂತ ಹೇಳಿ ಹೇಳಿ ಸೋತೀನಿ" ಎಂದು ನಕ್ಕರು.

ಸಂಜೆ ನಾವು ಮಠ ಮುಟ್ಟುವಾಗ ಸ್ವಾಮಿಗಳು ಕಥೆ ಶುರುಮಾಡಿದ್ದರು. ಹೆಂಗಸರ ಸಾಲಿನ ಕೊನೆಯಲ್ಲಿ ಅವನ ಹೆಂಡತಿ ಕೂತಿದ್ದಳು. ಹಿಂದಿನ ಸಂಜೆಯ ಮಾತು ಫೋನಿನಲ್ಲಿ ಚಿಂಚೋಳಿ ಮುಟ್ಟಿತ್ತು. ಕೈಚೀಲವನ್ನೂ ಇಳಿಸದೆ, ಏಳಲು ತಯಾರಾದವಳ ಹಾಗೆ ಕೂತಿದ್ದಳು. ನನ್ನ ತಮ್ಮ ಅವಳನ್ನು ಕಂಡ. ಕಾಲು ಕುಣಿಯತೊಡಗಿತು.

ಗವಾಯಿ ಒಂದು ಸಾಲು ಹಾಡಿದರು. ಬಾಟಲಿ ಜಾರಿತು. ತಂತಿ ಅದೇ ಸಾಲನ್ನು ಹೇಳಿತು, ಆದರೆ ಸ್ವರದಿಂದ ಸ್ವರಕ್ಕೆ ಕಾಲೆಳೆದುಕೊಂಡು, ಎಲ್ಲೂ ನೆಲೆ ನಿಲ್ಲದೆ. ಗವಾಯಿ ತಲೆಯೆತ್ತಿದರು. ಅದೇ ಸಾಲನ್ನು ಮತ್ತೆ ಹಾಡಿ ಸುಮ್ಮನಾದರು. ಈ ಸಲ ಗಿಟಾರ್ ಜವಾಬು ಕೊಟ್ಟಿತು. ತಬಲಾದವನು ಠೇಕಾ ಬಿಟ್ಟು ಕೇಳುತ್ತಿದ್ದ. ಸ್ವಾಮಿಗಳು ಕಣ್ಸನ್ನೆ ಮಾಡಿದ ಮೇಲೆ ಮತ್ತೆ ಹಿಡಿದ.

ಪ್ರಸಾದದ ಹೊತ್ತಿಗೆ ಅವಳು ನೆಟ್ಟಗೆ ಅವನ ಮುಂದೆ ಬಂದು ನಿಂತಳು. "ಬಾಯಿ ತೆರಿ" ಎಂದಳು. ಅಷ್ಟು ಜನರ ಮುಂದೆ ಅವನು ಬಾಯಿ ತೆರೆದ. ಅವಳು ಮೂಸಿದಳು.

"ಇವತ್ತೇ ಬರ್ತೀನಿ, ನಡಿ" ಎಂದ ತಮ್ಮ.

"ಶ್ರಾವಣ ಮುಗಿದಿಲ್ಲಲಾ" ಎಂದು ಅವಳು ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದಳು.

ಆಮೇಲಿನ ದಿನಗಳು ನನಗೆ ವಾರ್ಡಿನ ಕೆಲಸಕ್ಕಿಂತ ಕಷ್ಟದವು. ಹಗಲೆಲ್ಲ ಅವನು ಅಂಗಳ ಅಳೆಯುತ್ತಿದ್ದ. ಕಾಗಿಣಾ ಹೊಳೆಯ ತನಕ ಹೋಗಿ ಬರುತ್ತಿದ್ದ, ಬಂದವನು ಚಪ್ಪಲಿ ಬಿಡದೆ ಮತ್ತೆ ಹೊರಡುತ್ತಿದ್ದ. ಒಂದು ಮಧ್ಯಾಹ್ನ "ಅಕ್ಕಾ, ಹೊರಗಿಂದ ಕೀಲಿ ಹಾಕು" ಎಂದ. ಹಾಕಿದೆ. ಒಳಗಿಂದ ಪುರಾಣದ ಹೊತ್ತಾಗುವವರೆಗೂ ಅದೇ ಒಂದು ಸಾಲು ಕೇಳುತ್ತಿತ್ತು, ಎರಡು ಸಲ ಪ್ರಶ್ನೆ, ಜವಾಬು ಇಲ್ಲ. ನಾನು ಕದದ ಹೊರಗೆ ಅಕ್ಕಿ ಆರಿಸುತ್ತ ಕೂತಿದ್ದೆ.

ಪುರಾಣದ ಮಂಗಲವಾದ ಮರುದಿನ ಮೊದಲ ಬಸ್ಸಿಗೇ ಅವಳು ಬಂದಳು. ಚಹಾ ಕುಡಿದಳು, ನಮ್ಮ ಮನೆಯವರಿಗೆ ನಮಸ್ಕಾರ ಮಾಡಿದಳು. ಗಿಟಾರನ್ನು ತಾನೇ ಎತ್ತಿಕೊಂಡು ಹೊರಟು, ಹೊಸ್ತಿಲಲ್ಲಿ ತಿರುಗಿ, "ಬರೋದಿದ್ರ ಬಾ" ಎಂದಳು. ಅವನು ನನ್ನ ಮುಖ ನೋಡಿದ. ನಾನು ಗುಳಿಗೆಗಳ ಚೀಲ ಅವನ ಕೈಗಿಟ್ಟು, ಯಾವುದನ್ನು ಯಾವಾಗ ಎಂದು ಹೇಳತೊಡಗಿದೆ. ಅವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಚಿಂಚೋಳಿ ಬಸ್ಸಿನಲ್ಲಿ ಅವಳು ಗಿಟಾರನ್ನು ಕಿಟಕಿಯ ಪಕ್ಕ ಕೂರಿಸಿ, ತಾನು ಅದರ ಬದಿಗೆ ಕೂತಿದ್ದಳು. ಅವನು ಅವಳ ಪಕ್ಕ ಕೂತ, ಎದ್ದ, ಮತ್ತೆ ಕೂತ.