ಬಿಚ್ಚಿಕೊಳ್ಳಬೇಕಾದ ಗಂಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೋಣಿಗಳು ನಿಲ್ಲುವ ಕಡೆ, ಮೂಲೆಯ ಶೆಡ್ಡಿನಲ್ಲಿ ಬೋನಕ್ಕನ ಕತ್ತರಿ ಆಗಲೇ ಎದ್ದಿದೆ. ಏಡಿ ಹಿಡಿಯುವ ತಂತಿಯ ಬೋನು ಹೆಣೆಯುವುದು, ರಿಪೇರಿ ಮಾಡುವುದು ಇವರ ಕಸುಬು; ನಿಜವಾದ ಹೆಸರು ಹಿಡಿದು ಕರೆಯುವವರು ಇಲ್ಲಿ ಯಾರೂ ಇಲ್ಲ. ಬೋನಿನ ಬಾಗಿಲಿಗೆ ಬಿಗಿದ ನೈಲಾನ್ ದಾರ ಕತ್ತರಿಸಿ, ಹತ್ತಿಯ ದಾರದಲ್ಲಿ ಗಂಟು ಹಾಕುತ್ತಾರೆ. ಎರಡು ಗಂಟು ಹಾಕಿ ಏಳುತ್ತಾರೆ, ಕಡಲು ನೋಡುತ್ತಾರೆ, ಮತ್ತೆ ಕೂರುತ್ತಾರೆ. ಪಕ್ಕದಲ್ಲಿ ಚಹಾ ಆರಿ ತಣ್ಣಗಾಗಿದೆ.

"ತಮ್ಮ ಇನ್ನೂ ಬಂದಿಲ್ಲ. ಅವನು ಬರೋ ತನಕ ನನಗೆ ಕೂತಲ್ಲಿ ಕೂರೋಕಾಗಲ್ಲ."

ತಮ್ಮ ಹೋಗಿರುವುದು ಏಡಿ ಹಿಡಿಯಲು ಅಲ್ಲ, ಕಳೆದುಹೋದ ಬೋನು ಹುಡುಕಲು. ಹಾದುಹೋದ ಹಡಗಿಗೆ ಸಿಕ್ಕಿ ಹಗ್ಗ ತುಂಡಾಗಿ, ಅವನ ನಾಲ್ಕು ಬೋನು ತಳ ಸೇರಿದ್ದವು. ಕಡಲ ತಳದಲ್ಲಿ ಕೊಕ್ಕೆ ಎಳೆದೂ ಎಳೆದೂ ಮೂರು ಸಿಕ್ಕಿವೆ; ಇನ್ನೊಂದು ಬಾಕಿ. ಕಳೆದ ಬೋನು ಸುಮ್ಮನೆ ಬಿದ್ದಿರುವುದಿಲ್ಲ. ಒಳಹೊಕ್ಕ ಏಡಿ ಹೊರಬರಲಾರದೆ ಸಾಯುತ್ತದೆ. ಆ ವಾಸನೆಗೆ ಇನ್ನೊಂದು ಬರುತ್ತದೆ, ಅದೂ ಸಾಯುತ್ತದೆ. ಕಡಲಿಗೆ ಬಿದ್ದ ಕಸದಲ್ಲಿ ಇದರಷ್ಟು ಹಸಿದ ಕಸ ಇನ್ನೊಂದಿಲ್ಲ.

ಬೋನಕ್ಕನ ಅಮ್ಮ ಬಾಗಿಲಿಗೆ ಹತ್ತಿಯ ದಾರವನ್ನೇ ಕಟ್ಟುತ್ತಿದ್ದರು. ಬೋನು ಕಳೆದರೂ ಕೆಲವು ತಿಂಗಳಲ್ಲಿ ದಾರ ಕೊಳೆತು ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಬಳಸುವ ಬೋನಿಗೆ ಆಗಾಗ ದಾರ ಬದಲಿಸಿದರಾಯಿತು. ಆದರೆ ತಮ್ಮನಿಗೆ ಅಷ್ಟಕ್ಕೂ ಮೈಗಳ್ಳತನ. ಒಮ್ಮೆ ಬೋನು ಎತ್ತುವಾಗಲೇ ಹಳೇ ದಾರ ಹರಿದು ಏಡಿಗಳೆಲ್ಲ ನೀರುಪಾಲಾದವು. ಅಕ್ಕನ ಮೇಲೆ ಹಾರಾಡಿದ. ದಿನಾ ಅವನ ರಗಳೆ ತಾಳಲಾರದೆ ಆ ನಾಲ್ಕು ಬೋನಿಗೆ ಅಕ್ಕ ನೈಲಾನ್ ಬಿಗಿದುಕೊಟ್ಟರು.

"ಅವನ ಬಾಯಿ ಮುಚ್ಚಿಸೋಕೆ ಆ ಬಾಗಿಲು ಮುಚ್ಚಿದೆ. ಅಕ್ಕನ ಗಂಟು ಬಿಚ್ಚೋದೇ ಇಲ್ಲ ಅಂತ ಎಲ್ಲರೂ ಹೊಗಳ್ತಿದ್ರು. ಈಗ ಅದನ್ನ ನೆನೆಸಿಕೊಂಡ್ರೆ ನಾಚಿಕೆಯಾಗುತ್ತೆ."

ಆ ಬೋನುಗಳು ಕಳೆದಂದಿನಿಂದ ದಿನಕ್ಕೆ ಇತರ ಮೀನುಗಾರರ ಹದಿನೈದಿಪ್ಪತ್ತು ಬೋನುಗಳ ದಾರವನ್ನು ಪುಕ್ಕಟೆಯಾಗಿ ಬದಲಿಸುತ್ತಾರೆ. ತಂತಿ ಚುಚ್ಚಿ ಬೆರಳ ತುದಿಗಳು ಜರಡಿಯಾಗಿವೆ. ಕತ್ತರಿಸಿದ ನೈಲಾನಿನ ಒಂದೆಳೆಯೂ ನೆಲಕ್ಕೆ ಬೀಳುವಂತಿಲ್ಲ, ಗಾಳಿಗೆ ಹಾರಿದರೆ ಅದೂ ಕಡಲಿಗೇ. ತುಂಡು ಹಗ್ಗ, ಹರಿದ ಬಲೆಗಳನ್ನು ನೀರಿಗೆ ಎಸೆಯದೆ ದಡಕ್ಕೆ ತರುವವರಿಗೆ ಮೊದಲ ಸರದಿ. ಬರಿಗೈಲಿ ಬಂದವರಿಗೆ ಬೈಗುಳ: "ಒಯ್ದಿದ್ದನ್ನ ವಾಪಸ್ ತರೋಕೆ ನಿಮಗೇನು ದಾಡಿ?"

ಎಂಜಿನ್ ಸದ್ದು ಕೇಳುತ್ತದೆ. ಬೋನಕ್ಕ ಕತ್ತರಿ ಬಿಟ್ಟು ಓಡುತ್ತಾರೆ. ನಿದ್ದೆಗೆಟ್ಟ ಕಣ್ಣಿನ ತಮ್ಮ ತಲೆ ಅಲ್ಲಾಡಿಸುತ್ತಾನೆ.

"ಸಿಗಲಿಲ್ಲ ಅಕ್ಕ. ಕೊಕ್ಕೆಗೆ ಬಂದಿದ್ದು ಇದೊಂದು. ಹೋದ ವರ್ಷದ ಬಿರುಗಾಳೀಲಿ ಕಳೆದಿದ್ದು. ಖಾಲಿ."

ಪಾಚಿ ಹಿಡಿದ ಹಳೇ ಬೋನು. ಅಕ್ಕ ಅದನ್ನು ಕಸಿದುಕೊಂಡು ಬೆಳಕಿಗೆ ಹಿಡಿಯುತ್ತಾರೆ. ಬಾಗಿಲು ಜೋತಾಡುತ್ತಿದೆ. ಗಂಟಿದ್ದ ಕಡೆ ಕೊಳೆತ ಹತ್ತಿಯ ಎಳೆಗಳು. ಒಳಗೆ ಒಂದು ಚಿಪ್ಪೂ ಇಲ್ಲ. ಬೆಳಗಿನಿಂದ ಗಂಟಿಕ್ಕಿದ್ದ ಮುಖ ಆಗ ಸಡಿಲವಾಗುತ್ತದೆ.

"ಖಾಲಿ ಅಂತ ಹೇಗೆ ಸಪ್ಪೆಯಾಗಿ ಹೇಳ್ತಾನೆ ನೋಡಿ! ಇದು ನಾನೇ ಕಟ್ಟಿದ್ದು. ಬಿಚ್ಚಿಕೊಳ್ಳೋ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಂಡಿದೆ."

ಬೋನನ್ನು ಎಲ್ಲರಿಗೂ ಕಾಣುವಂತೆ ಶೆಡ್ಡಿನ ಬಾಗಿಲಿಗೆ ತೂಗುಹಾಕುತ್ತಾರೆ. ಆಮೇಲೆ ಆ ತಣ್ಣನೆ ಚಹಾವನ್ನು ತಮ್ಮನ ಕೈಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ.

"ಬೇಗ ಕುಡಿ. ಅಲ್ಲಿ ಕೆಳಗೆ ನಂದೊಂದು ಬಾಗಿಲು ಇನ್ನೂ ಮುಚ್ಚೇ ಇದೆ. ಈ ಸಲ ನಾನೂ ಬರ್ತೀನಿ."