ನಮ್ಮನೆ ಕಂಪ್ಯೂಟರಿನ ತಿಪ್ಪೆ

ಕಂಪ್ಯೂಟರಿಗೆ ಕಸೂತಿ ಬಟ್ಟೆ ಹೊದಿಸಿ, ಚಪ್ಪಲಿ ಬಿಟ್ಟು ಹತ್ತಿರ ಹೋಗುತ್ತಿದ್ದ ಕಾಲ ನೆನಪಿದೆಯಾ? ಆಗ ನಾನು ಆರನೇ ಕ್ಲಾಸು. ಬೇಸಿಗೆ ರಜಕ್ಕೆ ಹೆಮ್ಮಿಗೆಯ ಅಜ್ಜಿ ಮನೆಗೆ ಹೋದರೆ ನಡುಮನೆಯ ರಾಗಿ ಮೂಟೆ ಪಕ್ಕ ಒಂದು ಕಂಪ್ಯೂಟರ್ ಕೂತಿತ್ತು. ಅಪ್ಪನ ತಂಗಿ ಮಂಜುಳತ್ತೆ ಮೈಸೂರಿನಿಂದ ತಂದದ್ದು. ಆನ್ ಮಾಡಿದರೆ ಕಾದ ಧೂಳಿನ ವಾಸನೆ, ಅಡುಗೆಮನೆಯಿಂದ ಉಪ್ಪೆಸರಿನ ವಾಸನೆ.

ಅದರಲ್ಲಿ ಇದ್ದದ್ದು ಲಿನಕ್ಸ್. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು, ಒಳಗೆ ಬಿಚ್ಚಿ ತಿದ್ದಲೂಬಹುದು. ಅದನ್ನು ಕನ್ನಡಕ್ಕೆ ತರಲು ಒಂದು ಗುಂಪು ಸಂಬಳವಿಲ್ಲದೆ ದುಡಿಯುತ್ತಿತ್ತು. ಅತ್ತೆ ಅದರಲ್ಲಿ ಒಬ್ಬಳು. ಪರದೆಯ ಮೇಲಿನ ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕಿ, ಟಿ. ನರಸೀಪುರದ ಬ್ರೌಸಿಂಗ್ ಸೆಂಟರಿನಿಂದ ಕಳಿಸುತ್ತಿದ್ದಳು. ಒಂದು ಮಧ್ಯಾಹ್ನ ‘ಟ್ರ್ಯಾಶ್’ಗೆ ಬಂದು ನಿಂತಳು.

“ಅವ್ವ, ಬ್ಯಾಡದ್ದು ಎಸೆಯೋ ಜಾಗಕ್ಕೆ ಏನಂತೀಯ?”

ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. “ಎಸೆದ್ಮೇಲೆ ವಾಪಸ್ ಸಿಕ್ತದಾ?”

“ಹೂಂ, ಬೇಕಂದ್ರೆ ತಕ್ಕಬೋದು.”

“ಅಂಗಾರೆ ತಿಪ್ಪೆ ಕಣಮ್ಮಿ. ನನ್ ಕಿವಿ ಓಲೆ ಕಳ್ದೋಗಿದ್ದು ಎಲ್ ಸಿಕ್ತು? ಕೆದಕುದ್ರೆ ಸಿಕ್ತದೆ, ಬುಟ್ರೆ ಗೊಬ್ರಾಯ್ತದೆ.”

ಅತ್ತೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಟೈಪ್ ಮಾಡಿದಳು: ತಿಪ್ಪೆ.

ಆ ಪದಗಳೆಲ್ಲ ಸೇರಿದ ಹೊಸ ಸಿ.ಡಿ. ಪೋಸ್ಟಿನಲ್ಲಿ ಬರಬೇಕಿತ್ತು. ಕನ್ನಡದ ಕಂಪ್ಯೂಟರಿಗೆಲ್ಲ ನಮ್ಮಜ್ಜಿಯ ಮಾತು ಬರುತ್ತೆ ಅಂತ ನಾನು ಬೀದಿಗೆಲ್ಲ ಸಾರಿಬಿಟ್ಟಿದ್ದೆ. ಪಕ್ಕದ ಮನೆ ಮಾದೇವ, “ನಿಮ್ ಕಂಪ್ಯೂಟ್ರು ಸಗಣಿ ನಾತ ಒಡೀತದಾ?” ಅಂತ ರೇಗಿಸಿದ. ಚೌಕಾಬಾರ ಆಡಲು ಕೂತರೂ ನನ್ನ ಕಿವಿಯೆಲ್ಲ ಸೈಕಲ್ ಬೆಲ್ಲಿನ ಕಡೆಗೆ. ಕಾಯಿ ಅರ್ಧಕ್ಕೇ ಬಿಟ್ಟು ಓಡುವುದು, ಐಸ್‌ಕ್ಯಾಂಡಿಯವನನ್ನು ನೋಡಿ ವಾಪಸ್ ಬರುವುದು. ರಜ ಬೇರೆ ಮುಗಿಯುತ್ತಾ ಬಂತು.

ಕೊನೆಗೂ ಸಿ.ಡಿ. ಬಂತು. ಹಾಕಿ ನೋಡಿದರೆ, ಬುಟ್ಟಿಯ ಚಿತ್ರದ ಕೆಳಗೆ ‘ಕಸದ ಬುಟ್ಟಿ’.

“ತಿಪ್ಪೆ ಹಳ್ಳಿ ಮಾತಂತೆ. ಚೆನ್ನಾಗಿರಲ್ಲ ಅಂದ್ಬುಟ್ರು ಗುಂಪಿನೋರು,” ಅಂದಳು ಅತ್ತೆ.

ನಾನು ಊಟ ಬಿಟ್ಟು ಅಳುತ್ತಾ ಕೂತೆ.

“ಅಯ್ಯೋ, ಯಾಕ್ ಮಗಾ ಅಳ್ತೀಯ?” ಅಂದರು ಅಜ್ಜಿ. “ಈ ಡಬ್ಬ ನಮ್ದು ತಾನೆ? ನಮ್ಮನೇಲಿ ಏನಂತೀವೋ ಅದ್ನೇ ಬರ್ಕೊಂಡ್ರಾಯ್ತು.”

ಅತ್ತೆಯ ಮುಖ ಅರಳಿತು. “ಹೂಂ ಕಣವ್ವ! ಇದ್ರಲ್ಲಿ ತಿದ್ದೋಕೆ ಬಿಡ್ತಾರೆ!”

ಒಳಗಿನ ಯಾವುದೋ ಫೈಲು ಬಿಚ್ಚಿ ಒಂದು ಸಾಲು ತಿದ್ದಿ ಉಳಿಸಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ನಾನು ಅಂಗಳಕ್ಕೂ ನಡುಮನೆಗೂ ಅಲೆದಾಡಿ ಸಾಕಾದ ಮೇಲೆ ಬಂತು. ಬುಟ್ಟಿಯ ಕೆಳಗೆ ದಪ್ಪ ಅಕ್ಷರದಲ್ಲಿ: ತಿಪ್ಪೆ.

“ಎಲ್ಲಿ, ಕೆದಕು ನೋಡವಾ,” ಅಂದರು ಅಜ್ಜಿ.

ನಾನು ಬಿಡಿಸಿದ್ದ ಹಸುವಿನ ಚಿತ್ರವನ್ನು ಅದರೊಳಗೆ ಎಸೆದು, ವಾಪಸ್ ಎಳೆದು ತೋರಿಸಿದೆ.

“ಹ್ಞೂಂ. ತಿಪ್ಪೇನೆಯಾ.”

ಈಗ ಅಜ್ಜಿ ಇಲ್ಲ. ಆ ಕಂಪ್ಯೂಟರ್ ಗುಜರಿಗೆ ಹೋಯಿತು. ಹಿತ್ತಲ ತಿಪ್ಪೆಯ ಜಾಗದಲ್ಲಿ ಕಾರು ನಿಲ್ಲುತ್ತೆ. ಮೊನ್ನೆ ನಂಜನಗೂಡಿನ ಬಸ್ಸಿನಲ್ಲಿ ಕೂತಿದ್ದಾಗ ಕೈತಪ್ಪಿ ಫೋನಿನಿಂದ ಅಜ್ಜಿಯ ಫೋಟೋ ಡಿಲೀಟ್ ಆಯಿತು. ಹುಡುಕಿದರೆ ‘ಟ್ರ್ಯಾಶ್’ನಲ್ಲಿತ್ತು. ಓಲೆ ಹಾಕಿಕೊಂಡೇ ಕೂತಿದ್ದರು.

ಆ ಹೆಸರು ಬದಲಾಯಿಸೋಣ ಅಂತ ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ. ರಿಂಗ್‌ಟೋನ್ ಬದಲಾಯಿಸಬಹುದಂತೆ, ಬಣ್ಣ ಬದಲಾಯಿಸಬಹುದಂತೆ. ಆ ಒಂದು ಮಾತು ಮಾತ್ರ ಮುಟ್ಟಂಗಿಲ್ಲ. ನಾನು ಕೊಂಡ ಫೋನು ಕಣ್ರೀ ಇದು! ಇಳಿಯುವ ಸ್ಟಾಪು ದಾಟಿ ಹೋದರೂ ಇನ್ನೂ ಕೆದಕುತ್ತಲೇ ಇದ್ದೆ.