ನೆಗಡಿಯಾಗದ ಪತ್ತೇದಾರ

ನಾನು ಓದಿದ ಪತ್ತೇದಾರಿ ಕಾದಂಬರಿಗಳಲ್ಲಿ ಒಂದರಲ್ಲಾದರೂ ಪತ್ತೇದಾರನಿಗೆ ನೆಗಡಿಯಾದದ್ದನ್ನು ನಾನು ಕಂಡಿಲ್ಲ. ಸುರಿಯುವ ಮಳೆಯಲ್ಲಿ ಆತ ಬಂಗಲೆಯ ಕಾಂಪೌಂಡು ಹಾರುತ್ತಾನೆ, ಮಾಗಿಯ ಚಳಿಯಲ್ಲಿ ಹುಣಸೆಮರದ ಮರೆಗೆ ನಿಂತು ಗಂಟೆಗಟ್ಟಲೆ ಹಂತಕನ ದಾರಿ ಕಾಯುತ್ತಾನೆ, ಕೆರೆಗೆ ಧುಮುಕಿ ನಾಯಕಿಯನ್ನು ಎತ್ತಿ ತರುತ್ತಾನೆ; ಮಾರನೆಯ ದಿನ ಇಸ್ತ್ರಿ ಮಾಡಿದ ಕೋಟು ತೊಟ್ಟು, ಒಂದು ಸಲ ಮೂಗು ಕೂಡ ಒರೆಸಿಕೊಳ್ಳದೆ, ಹತ್ತು ಜನರೆದುರು ಅಪರಾಧಿಯತ್ತ ಬೆರಳು ಚಾಚುತ್ತಾನೆ. ಆ ಬೆರಳು ಗುರಿ ತಪ್ಪಿದ್ದನ್ನೂ ನಾನು ಕಾಣೆ. ರೋಚಕವಾದ ಸೀನುಗಳಿಗೆ ಕೊರತೆಯಿಲ್ಲದ ಆ ಪುಸ್ತಕಗಳಲ್ಲಿ ಒಂದೇ ಒಂದು ನಿಜವಾದ ಸೀನು ಎಲ್ಲಾದರೂ ನಿಮಗೆ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ, ಈ ವಯಸ್ಸಿನಲ್ಲೂ ಬಸ್ಸು ಹತ್ತಿ ಬಂದು ಓದುತ್ತೇನೆ.

ಇಂಥ ನಿರ್ದೋಷಿಗಳ ಪೈಕಿ ನನಗೆ ಅತಿ ಹೆಚ್ಚು ಕಾಟ ಕೊಟ್ಟವನು ಅಪರಾಜಿತ ಎಂಬ ಮಹಾಶಯ. ತಮಿಳು ಸೀಮೆಗೆ ಸೇರಿದ ನಮ್ಮ ಗಡಿಯ ಹೊಸೂರಿನ ಬಸ್ ಸ್ಟ್ಯಾಂಡಿನ ಪಕ್ಕದ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ತಮಿಳು ಪುಸ್ತಕಗಳ ಮಹಾಸಾಗರದ ನಡುವೆ ಕನ್ನಡಕ್ಕೆಂದು ಒಂದು ಮೊಳದಷ್ಟು ಜಾಗವಿತ್ತು. ಅಂಗಡಿಯಾತನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ; ಆದ್ದರಿಂದ ಆತ ಆ ಪುಸ್ತಕಗಳನ್ನು ರಕ್ಷಾಪುಟದ ಚಿತ್ರ ನೋಡಿ ಪಿಸ್ತೂಲು, ತಲೆಬುರುಡೆ, ಹೆಂಗಸು ಎಂದು ಮೂರು ವರ್ಗಗಳಾಗಿ ಜೋಡಿಸಿಟ್ಟಿದ್ದ. ಅಪರಾಜಿತನ ಪುಸ್ತಕಗಳಲ್ಲಿ ಮೂರೂ ಇರುತ್ತಿದ್ದುದರಿಂದ ಅವು ಎಲ್ಲಿ ಬೇಕಾದರೂ ಸಿಗುತ್ತಿದ್ದವು. ಆರು ಭಾಷೆ ಬಲ್ಲ, ಕುದುರೆ ಏರಬಲ್ಲ, ವೀಣೆಯನ್ನೂ ನುಡಿಸಬಲ್ಲ ಆ ಪುಣ್ಯಾತ್ಮ, ಅಪರಾಧಿಯ ಚಪ್ಪಲಿಗೆ ಮೆತ್ತಿದ ಕೆಂಪು ಮಣ್ಣನ್ನು ಮೂಸಿ ಅವನ ಊರನ್ನು ಹೇಳಿಬಿಡುತ್ತಿದ್ದ. ನಮ್ಮ ಬೇರಿಕೆಯ ಸಂತೆಗೆ ಬಂದಿದ್ದರೆ ಏನು ಮಾಡುತ್ತಿದ್ದನೋ ಕಾಣೆ. ಅಲ್ಲಿ ಅಷ್ಟೂ ಜನರ ಕಾಲಿಗೂ ಕೆಂಪು ಮಣ್ಣೇ.

ಆಗ ಹೊಸೂರಿನಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಬೇರಿಕೆಯ ಹತ್ತಿರದ ನಮ್ಮ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ನಾನೂ ಒಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ನನ್ನದು ಇನ್‌ಸ್ಪೆಕ್ಷನ್ ವಿಭಾಗ, ಅಂದರೆ ಬೇರೆಯವರು ಬೆವರು ಸುರಿಸಿ ಮಾಡಿದ ಬಿಡಿಭಾಗಗಳನ್ನು ಗೇಜಿನಲ್ಲಿ ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ಮೂಲೆಗೆ ತಳ್ಳುವ ಪರದೋಷಾನ್ವೇಷಣೆಯ ಉದ್ಯೋಗ. ಇದಕ್ಕೆ ಸಂಬಳ ಬೇರೆ ಕೊಡುತ್ತಿದ್ದರು! ಒಂದೇ ಮಗ, ಖಾಯಂ ಕೆಲಸ, ಕುಡಿತವಿಲ್ಲ, ಬೀಡಿಯಿಲ್ಲ. ಹೀಗಾಗಿ ಅಮ್ಮನ ದೃಷ್ಟಿಯಲ್ಲಿ ನಾನು ಅಪರಂಜಿ. "ನನ್ ಮಗ ಒಂದ್ ಕಿತನೂ ತಪ್ ಮಾಡಿದೋನಲ್ಲ" ಎಂದು ಆಕೆ ಬಾವಿಕಟ್ಟೆಯಲ್ಲಿ ಹೇಳುವುದನ್ನು ಕೇಳಿ ಕೇಳಿ, ಕೊನೆಗೆ ನಾನೂ ಅದನ್ನು ನಂಬಿದ್ದೆ. ಮದುವೆಯಾಗಿ ಒಂದು ವರ್ಷವಾಗಿದ್ದ ನನ್ನ ಹೆಂಡತಿ ಸರೋಜ ಮಾತ್ರ ಈ ವಿಷಯದಲ್ಲಿ ಅಭಿಪ್ರಾಯ ಹೇಳುತ್ತಿರಲಿಲ್ಲ.

ಇನ್ನು ನನ್ನ ಕ್ಷೌರದ ಶೌರ್ಯವನ್ನು ಹೇಳಿಬಿಡುತ್ತೇನೆ. ಅವರೆಕಾಯಿ ಕಾಲದ ಒಂದು ಬೆಳಿಗ್ಗೆ, ಒಳಗೆ ಬೆಳಕು ಸಾಲದೆಂದು ಜಗುಲಿಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯುತ್ತಿದ್ದೆ. ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ಮಗ್ಗಿನಲ್ಲಿದ್ದ ಸೋಪಿನ ನೀರನ್ನು ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಚೆಲ್ಲಿ, ಮಗ್ಗನ್ನು ಅಲ್ಲೇ ಬಿಟ್ಟು, ಅರ್ಧ ಗಡ್ಡದಲ್ಲೇ ಓಡಿದೆ. ಸ್ವಲ್ಪ ಹೊತ್ತಿಗೆ ಹಸುವಿಗೆ ಕಲಗಚ್ಚು ಕೊಡಲು ಬಕೆಟ್ಟು ಹಿಡಿದು ಬಂದ ಅಮ್ಮ ಅದೇ ಕಲ್ಲಿನ ಮೇಲೆ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಸರೋಜ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಳು. ತಪ್ಪು ಅವಳದ್ದಾಗಲು ಇಷ್ಟು ಸಾಕಲ್ಲವೇ!

ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಮೊಕದ್ದಮೆ ದಾಖಲಾಗಿ, ವಿಚಾರಣೆ ಮುಗಿದು, ತೀರ್ಪೂ ಹೊರಬಿದ್ದಿತ್ತು. "ಇವ್ಳು ನೀರ್ ಸುರಿದು ಕಲ್ಲು ಒರಸ್ದೆ ಬುಟ್ಟವ್ಳೆ ಕಣ್ಲಾ. ನನ್ ಕಾಲು ಮುರಿದಾಕ್ಬುಟ್ಲು" ಎಂದು ಅಮ್ಮ ಅತ್ತರು. ಪಕ್ಕದ ಮನೆಯ ಮುನಿಯಕ್ಕ ಹೌದೆಂದು ತಲೆಯಾಡಿಸಿದಳು. ನನಗೆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ, "ನನ್ ಮಗ ನೋಡಿದ್ರೆ ಅಪರಂಜಿ, ಅವ್ನಿಗೆ ಗಂಟು ಬಿದ್ದೋಳು ಇಂಥೋಳು" ಎಂದರು. ತೆರೆದ ಬಾಯನ್ನು ಆಕಳಿಕೆ ಬಂದವನಂತೆ ಮುಚ್ಚಿಕೊಂಡೆ. ನನಗೆ ಈಗಲೂ ಆ ಆಕಳಿಕೆ ನೆನಪಾದರೆ ಮೈ ಉರಿಯುತ್ತದೆ.

ಅವತ್ತಿನಿಂದ ಸರೋಜ ನಮ್ಮ ಮನೆಯಲ್ಲಿ ಆರೋಪಿ. ಅವಳು ಕೊಟ್ಟ ನೀರನ್ನು ಅಮ್ಮ ಮುಟ್ಟುತ್ತಿರಲಿಲ್ಲ. ತಲೆ ಬಾಚುವುದಕ್ಕೂ, ಎತ್ತಿ ಕೂರಿಸುವುದಕ್ಕೂ ಮುನಿಯಕ್ಕನೇ ಬರಬೇಕು. ಬಂದವರಿಗೆಲ್ಲ ಸೊಸೆಯ ಕೈಗುಣದ ಪ್ರವಚನ. ಇತ್ತ ಮೊಟ್ಟೆಯ ಬಿಳಿ ಬಳಿದು ಬಿದಿರ ದಬ್ಬೆ ಇಟ್ಟು ಕಟ್ಟು ಕಟ್ಟಿದ ನಾಟಿ ವೈದ್ಯರು, ಒಂದು ಮಂಡಲ, ಎಂದರೆ ನಲವತ್ತೆಂಟು ದಿನ, ಕಾಲನ್ನು ನೆಲಕ್ಕೆ ಊರಿದರೆ ಜನ್ಮಪೂರ್ತಿ ಕುಂಟು ಎಂದು ಹೆದರಿಸಿ ಹೋಗಿದ್ದರು. ಹುಟ್ಟಿದಾಗಿನಿಂದ ಒಂದು ಗಳಿಗೆ ಕೂತವರಲ್ಲ ನಮ್ಮಮ್ಮ; ಮೂರನೆಯ ದಿನಕ್ಕೇ ಕಾಲು ಕೆಳಗಿಡುವ ಸಾಹಸ ಶುರುವಾಯಿತು. ಆಕೆಯನ್ನು ಮಂಚದ ಮೇಲೆ ಹಿಡಿದಿಡಲು ನನಗೆ ಹೊಳೆದ ಉಪಾಯವೇ ಅಪರಾಜಿತ. ಐದನೇ ಕ್ಲಾಸಿನ ತನಕ ಕನ್ನಡ ಶಾಲೆಯಲ್ಲಿ ಓದಿದ್ದ ನಾನು ದಿನಾ ಸಂಜೆ ಪುಸ್ತಕ ಹಿಡಿದು ಗಟ್ಟಿಯಾಗಿ ಓದತೊಡಗಿದೆ. ಅಮ್ಮನಿಗೆ ಓದು ಬರದು. ತಳಿ ಎಂಬ ಊರಿನ ಕಡೆಯ ಸರೋಜ ಮನೆಯಲ್ಲಿ ಕನ್ನಡ ಆಡಿ ಬೆಳೆದವಳಾದರೂ ಶಾಲೆಯಲ್ಲಿ ಕಲಿತದ್ದು ತಮಿಳು. ಹಾಗಾಗಿ ನಮ್ಮ ಮನೆಯಲ್ಲಿ ಕನ್ನಡ ಅಕ್ಷರಗಳಿಗೆ ನಾನೊಬ್ಬನೇ ವಾರಸುದಾರ.

ನಾಲ್ಕು ದಿನ ಅಮ್ಮ ಕೇಳಿದರು. ಐದನೆಯ ದಿನ ಸಿಡಿದರು. "ಯಾವನ್ಲಾ ಇವ್ನು? ಹಸಿವಾಗಕಿಲ್ಲ, ನಿದ್ದೆ ಬರಕಿಲ್ಲ, ಒಂದ್ ಕಿತನೂ ಎಡವಕಿಲ್ಲ. ಇಂಥೋನ ಜೊತೆ ಯಾವ ಎಣ್ಣು ಬಾಳ್ತಾಳೆ? ಬುಡು ಅತ್ಲಾಗೆ, ಹಸ ಕರ್ಯೋ ವೊತ್ತಾಯ್ತು" ಎಂದು ಮಂಚದಿಂದ ಇಳಿಯಲು ಹೊರಟೇಬಿಟ್ಟರು. ಗಾಬರಿಯಲ್ಲಿ ನಾನು ಪುಸ್ತಕದ ಮೇಲೇ ಕಣ್ಣಿಟ್ಟು, "ಅಷ್ಟರಲ್ಲಿ ಅಪರಾಜಿತನು ಹೊಸ ಬೂಟಿನ ಸಮೇತ ಸಗಣಿ ತುಳಿದನು" ಎಂದೆ. ಇಳಿಯುವುದನ್ನು ಅಮ್ಮ ಅಲ್ಲಿಗೇ ನಿಲ್ಲಿಸಿದರು. "ಎಲ್ಲಿ?" ಎಂದರು. "ಬೇರಿಕೆ ಸಂತೇಲಿ" ಎಂದೆ. ಅಮ್ಮ ಕಾಲನ್ನು ಮೇಲಕ್ಕೆಳೆದುಕೊಂಡು ದಿಂಬಿಗೆ ಒರಗಿದರು.

ಅಲ್ಲಿಂದ ಮುಂದೆ ಅಪರಾಜಿತನ ಪತನವೇ ನನ್ನ ಸಾಹಿತ್ಯಸೇವೆಯಾಯಿತು. ಎಷ್ಟೋ ವರ್ಷಗಳಿಂದ ಅವನ ಮೇಲೆ ನನಗಿದ್ದ ಕೋಪವನ್ನೆಲ್ಲ ತೀರಿಸಿಕೊಂಡೆ. ಜೂಜುವಾಡಿಯಲ್ಲಿ ಇಳಿಯಬೇಕಾದವನು ಬಸ್ಸಿನಲ್ಲಿ ಗೊರಕೆ ಹೊಡೆದು ಕೃಷ್ಣಗಿರಿಯಲ್ಲಿ ಕಣ್ಣು ಬಿಟ್ಟ. ಆರು ಭಾಷೆ ಬಲ್ಲವನು ತಮಿಳಿನಲ್ಲಿ ದಾರಿ ಕೇಳಿದರೆ ಜನ ತೆಲುಗಿನಲ್ಲಿ ಹೇಳಿದರು, ತೆಲುಗಿನಲ್ಲಿ ಕೇಳಿದರೆ ಕನ್ನಡದಲ್ಲಿ ಬೈದರು. ರಾಗಿಮುದ್ದೆಯನ್ನು ಅಗಿದು ತಿನ್ನಲು ಹೋಗಿ ಹಲ್ಲಿಗೆಲ್ಲ ಮೆತ್ತಿಸಿಕೊಂಡ. ಮುನಿಯಕ್ಕ ಬಿದ್ದು ಬಿದ್ದು ನಕ್ಕಳು. ಅಮ್ಮ ಮಾರನೆಯ ಕಂತಿಗಾಗಿ ಕಾದು ಮಲಗಿದರು. ಅಡುಗೆಮನೆಯ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದ ಸರೋಜ ಮಾತ್ರ ನಗಲಿಲ್ಲ.

ಹೀಗೆ ಅಮ್ಮ ಬಿದ್ದು ಇಪ್ಪತ್ತೈದು ದಿನ ಕಳೆದ ಮೇಲೆ ಒಂದು ಎಡವಟ್ಟು ಮಾಡಿಕೊಂಡೆ. ಉತ್ಸಾಹದ ಭರದಲ್ಲಿ ಅಪರಾಜಿತನ ಕೈಯಲ್ಲಿ ನಿಜವಾದ ಕಳ್ಳನ ಬದಲು, ಬಡಪಾಯಿ ಬದನೆಕಾಯಿ ವ್ಯಾಪಾರಿಯೊಬ್ಬನನ್ನು ಸಂತೆಯ ನಡುವೆ ಹಿಡಿಸಿದೆ. ಊರೆಲ್ಲ ಅವನನ್ನು ಕಳ್ಳ ಎಂದಿತು. ಅಪರಾಜಿತನಿಗೆ ಆಮೇಲೆ ತನ್ನ ತಪ್ಪು ಗೊತ್ತಾಯಿತು. ಇಲ್ಲಿಗೆ ನಿಲ್ಲಿಸಿದೆ. ಅಮ್ಮ ಬಿಡಬೇಕಲ್ಲ! "ಬದ್ನೆಕಾಯಿಯೋನ ತಾವ ವೋಗಿ ತಪ್ಪಾಯ್ತು ಅಂದ್ನಾ ಇಲ್ವಾ? ಅದೇಳ್ಲಾ ಮೊದ್ಲು" ಎಂದರು. ನಾಳೆ ಎಂದೆ. ನಾಳೆ ಬಂದಾಗ ಅಪರಾಜಿತನನ್ನು ಬೇರೆ ಕೇಸಿನ ಮೇಲೆ ಕಳಿಸಿದೆ. ಅಮ್ಮ ಆ ಕೇಸನ್ನು ಕೇಳಲೊಪ್ಪಲಿಲ್ಲ. "ಅವ್ನಿಗೆ ಎಂಡ್ತಿ ಮಕ್ಳಿಲ್ವಾ? ಅವ್ರು ಊರಾಗೆ ತಲೆ ಎತ್ಕಂಡು ತಿರುಗ್ಬ್ಯಾಡ್ವಾ?" ಎಂದು ಬದನೆಕಾಯಿಯವನ ವಕಾಲತ್ತು ವಹಿಸಿದರು. ಹತ್ತಡಿ ದೂರದಲ್ಲಿ ತಲೆ ತಗ್ಗಿಸಿ ಕೂತಿದ್ದ ಸೊಸೆ ಆಕೆಗೆ ಕಾಣಿಸಲಿಲ್ಲ.

ಅವತ್ತು ಊಟಕ್ಕೆ ಬಡಿಸುತ್ತ ಸರೋಜ ಮೆಲ್ಲಗೆ, "ಪುಟ ತಿರುವಿ ನಾಕು ದಿನ ಆಯ್ತು" ಎಂದಳು. "ನಂಗೆ ಕನ್ನಡ ಓದಕ್ಕೆ ಬರಲ್ಲ, ನಿಜ. ಪುಟ ತಿರುಗಿಸೋದು ಕಾಣಲ್ವಾ?" ಸಾರು ಬಡಿಸಿದಳು. "ಅವತ್ತು ಮಗ್ಗು ಕಲ್ ಮ್ಯಾಲೇ ಇತ್ತು. ತುಂಬಾ ನೊರೆ, ನಿಮ್ ಗಡ್ಡದ ಕೂದ್ಲು. ನಾನೇ ತೊಳ್ದು ಎತ್ತಿಟ್ಟೆ."

ನಾನು ಓದಿದ ಅಷ್ಟೂ ಪತ್ತೇದಾರರಿಗೆ ಆ ಕ್ಷಣ ನಮ್ಮ ಅಡುಗೆಮನೆಯಲ್ಲಿ ನಿಲ್ಲಲೂ ಯೋಗ್ಯತೆಯಿರಲಿಲ್ಲ. ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ, ಏನೋ ತಪ್ಪು ಅವಳದ್ದೇ ಎಂಬಂತೆ. "ನಾನ್ ಏಳಿದ್ರೆ ಅತ್ತೆ ನಂಬ್ತಾರಾ? ಅಪರಂಜಿ ಮ್ಯಾಲೆ ಗೂಬೆ ಕೂರಿಸ್ತಾವ್ಳೆ ಅಂತಾರೆ. ನೀವ್ ಏಳ್ಬೇಕು" ಎಂದು ತಟ್ಟೆ ಎತ್ತಿಕೊಂಡು ಹೋದಳು.

ಅದಾದ ಮರುಗಳಿಗೆಯೇ ಹೇಳಿದೆ ಎಂದು ಬರೆಯುವ ಆಸೆ ನನಗಿದೆ. ಆದರೆ ಇದು ಪತ್ತೇದಾರಿ ಕಾದಂಬರಿಯಲ್ಲ. ಮೊದಲ ದಿನ ಅಮ್ಮನಿಗೆ ಮೈ ಬೆಚ್ಚಗಿತ್ತು. ಎರಡನೆಯ ದಿನ ಅಮಾವಾಸ್ಯೆ. ಆಮೇಲೊಂದು ವಾರ ನನಗೆ ಎರಡನೇ ಶಿಫ್ಟು. ಅದು ಮುಗಿದರೆ ಮನೆ ತುಂಬ ನೆಂಟರು. ದಿನವಿಡೀ ಕಾರ್ಖಾನೆಯಲ್ಲಿ ಪರರ ಲೋಪಕ್ಕೆ ಕೆಂಪು ಬಣ್ಣ ಬಳಿಯುವ ನನ್ನ ಕೈ, ಮನೆಗೆ ಬಂದರೆ ಪುಸ್ತಕದ ಮರೆ ಹುಡುಕುತ್ತಿತ್ತು. ಕಾಲು ಮುರಿಸಿದ ಭಯಕ್ಕಿಂತ ಅಪರಂಜಿಯಿಂದ ಹಿತ್ತಾಳೆಗೆ ಇಳಿಯುವ ಭಯವೇ ದೊಡ್ಡದಾಗಿತ್ತು. ತಪ್ಪೇ ಮಾಡದವನ ಜೊತೆ ಬಾಳುವುದು ಕಷ್ಟ ಎಂದು ಅಮ್ಮ ಅಪರಾಜಿತನ ಬಗ್ಗೆ ಹೇಳಿದ್ದರಲ್ಲ, ಸರೋಜ ಒಂದು ವರ್ಷದಿಂದ ಅಂಥವನ ಜೊತೆಯೇ ಬಾಳುತ್ತಿದ್ದಾಳೆ ಎಂಬುದು ನನಗೆ ಹೊಳೆದದ್ದು ಬಸ್ಸಿನಲ್ಲಿ, ಯಾರದೋ ಹೂವಿನ ಮೂಟೆಯ ಮೇಲೆ ಕೂತಿದ್ದಾಗ.

ಅವತ್ತಿಗೆ ಅಮ್ಮ ಬಿದ್ದು ನಲವತ್ತೊಂದನೆಯ ದಿನ. ಅಮ್ಮ ಎಂದಿನಂತೆ, "ಬದ್ನೆಕಾಯಿಯೋನ ಕತೆ ಏನಾಯ್ತ್ಲಾ?" ಎಂದರು. ಪುಸ್ತಕ ಮುಚ್ಚಿದೆ. "ಅಮ್ಮ, ಅವತ್ತು ಕಲ್ ಮ್ಯಾಲೆ ಸೋಪ್ ನೀರು ಸುರಿದೋನು ನಾನು. ಸರೋಜ ಅಲ್ಲ. ನಂಗೆ ಅವತ್ತೇ ಗೊತ್ತಿತ್ತು" ಎಂದೆ.

ಅಮ್ಮ, "ಅಷ್ಟೇನಾ? ವೋಗ್ಲಿ ಬುಡ್ಲಾ. ಬಸ್ಸಿಗೆ ವೊತ್ತಾಗಿತ್ತು ನಿಂಗೆ. ಬೇಕೂಂತ ಮಾಡಿದ್ಯಾ?" ಎಂದುಬಿಟ್ಟರು.

ಒಂದೇ ಉಸಿರಿನಲ್ಲಿ ಖುಲಾಸೆ! ಅಬ್ಬಾ ಎಂದುಕೊಂಡೆ, ಸುಳ್ಳೇಕೆ ಹೇಳಲಿ. ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಸರೋಜ ನಿಂತಿದ್ದಳು. ಅವಳು ಮಾಡದ ತಪ್ಪಿಗೆ ನಲವತ್ತೊಂದು ದಿನ ಸಿಗದ ಆ "ಹೋಗಲಿ ಬಿಡು", ನಾನು ಮಾಡಿದ ತಪ್ಪಿಗೆ ಕೇಳುವ ಮೊದಲೇ ಸಿಕ್ಕಿತ್ತು. ಇಷ್ಟು ನಾಚಿಕೆ ನನಗೆ ಆವರೆಗೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಅಮ್ಮನೂ ಅವಳನ್ನು ನೋಡಿದರು. ತಾವು ಈಗತಾನೆ ಆಡಿದ ಮಾತನ್ನು ತಾವೇ ಕೇಳಿಸಿಕೊಂಡವರಂತೆ ಅವರ ಮುಖ ಸಣ್ಣದಾಯಿತು.

"ಬಾರಮ್ಮಿ ಇಲ್ಲಿ" ಎಂದು ಕೈ ಚಾಚಿದರು. "ನನ್ ಬಾಯಿಗೆ ಮಣ್ಣಾಕ. ಏನೇನೋ ಅಂದ್ಬುಟ್ಟೆ. ಮನಸ್ನಾಗೆ ಇಟ್ಕಬ್ಯಾಡ, ನಮ್ಮಮ್ಮ."

ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಸತ್ಯ ಬಯಲಾದ ಕೂಡಲೇ ಎಲ್ಲರೂ ಎಲ್ಲರನ್ನೂ ಕ್ಷಮಿಸಿ ಕಾಫಿ ಕುಡಿಯುತ್ತಾರೆ. ಸರೋಜ ಸೆರಗಿನಲ್ಲಿ ನಿಧಾನವಾಗಿ ಕೈ ಒರೆಸಿಕೊಂಡಳು. ಅತ್ತೆಯನ್ನು ನೋಡಿದಳು, ನನ್ನನ್ನೂ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇಟ್ಕಳಲ್ಲ ಅತ್ತೆ. ಆದ್ರೆ ಮರೆಯಕ್ಕೆ ನಂಗೂ ನಲ್ವತ್ತೊಂದು ದಿನ ಬೇಕು" ಎಂದು ಒಳಗೆ ಹೋದಳು.

ನಾವಿಬ್ಬರೂ ಒಪ್ಪಿಕೊಂಡೆವು, ಒಪ್ಪದೆ ಗತಿಯೇನಿತ್ತು? ಅವಳು ಅದರಲ್ಲಿ ಒಂದು ದಿನವನ್ನೂ ಬಿಟ್ಟುಕೊಡಲಿಲ್ಲ.